ಶಿವಮೊಗ್ಗಕ್ಕೆ ಬರೋ ಮೊದಲು

ಪುಟ್ಟೀ,

ನಿನ್ನ ಪತ್ರ ಓದಿದೆ. ಬೆಂಗಳೂರು ಬಿಟ್ಟು ಶಿವಮೊಗ್ಗಕ್ಕೆ ಬರೋದೋ ಬೇಡವೋ ಅಂತ ಕೇಳಿದ್ದೀಯ. ಬಾಡಿಗೆ, ಟ್ರಾಫಿಕ್ಕು, ಟ್ಯಾಂಕರ್ ನೀರು, ನಿಮ್ಮಪ್ಪನ ಮಂಡಿನೋವು, ಇದನ್ನೆಲ್ಲ ಮನೆಯಲ್ಲಿ ಎಲ್ಲರೂ ಮಾತಾಡಿ ಆಗಿದೆ. ಅದನ್ನು ಬಿಡುತ್ತೇನೆ. ಕೊನೆಯಲ್ಲಿ ಒಂದು ಸಾಲು ಬರೆದಿದ್ದೀಯಲ್ಲ, "ಶಿವಮೊಗ್ಗಕ್ಕೆ ಬಂದರೆ ಅಲ್ಲೇ ಉಳಿದುಬಿಡುತ್ತೇನೇನೋ ಅಂತ ಭಯ, ದೊಡ್ಡಮ್ಮಾ" ಅಂತ, ಅದು ಮನಸ್ಸಿನಿಂದ ಹೋಗುತ್ತಲೇ ಇಲ್ಲ. ನಾನು ಉಳಿದುಬಿಟ್ಟವಳೇ ಅಲ್ವಾ? ಶಿವಮೊಗ್ಗದಲ್ಲೂ ಅಲ್ಲ, ಅದಕ್ಕಿಂತ ಸಣ್ಣ ಸಾಗರದಲ್ಲಿ. ಅದನ್ನು ಯೋಚಿಸಿಯೇ ನನಗೆ ಬರೆದೆಯೋ, ಯೋಚಿಸದೆ ಬರೆದೆಯೋ ಗೊತ್ತಿಲ್ಲ. ಬೇಜಾರು ಮಾಡಿಕೊಂಡಿಲ್ಲ. ಆದರೆ ಇದಕ್ಕೆ ಫೋನಿನಲ್ಲಿ ಉತ್ತರ ಹೇಳೋಕೆ ನನ್ನಿಂದ ಆಗಲ್ಲ.

ನಿನ್ನ ಭಯ ಸುಳ್ಳು ಅಂತ ನಾನು ಹೇಳುವುದಿಲ್ಲ. ನಿಮ್ಮಮ್ಮ ಹೇಳಿರಬಹುದು, ನಾನು ಹೇಳಲ್ಲ. ಬೆಂಗಳೂರಲ್ಲಿ ಒಂದು ಕೆಲಸ ಹೋದರೆ ಅದೇ ರಸ್ತೆಯಲ್ಲಿ ಇನ್ನೊಂದು ಆಫೀಸಿನ ಬಾಗಿಲು ತಟ್ಟಬಹುದು. ಶಿವಮೊಗ್ಗದಲ್ಲಿ ನಿನ್ನ ಕೆಲಸ ಕೊಡುವವರು ಬೆರಳೆಣಿಕೆಯಷ್ಟು. ಇಲ್ಲಿಯ ಬಾಡಿಗೆಗೆ, ಇಲ್ಲಿಯ ಸಂಬಳಕ್ಕೆ ಒಗ್ಗಿಕೊಂಡ ಮೇಲೆ ಬೆಂಗಳೂರಿನ ಮನೆ ಅಡ್ವಾನ್ಸ್ ಕೇಳಿದರೇ ಎದೆ ಧಸಕ್ಕೆನ್ನುತ್ತದೆ. ವರ್ಷ ಕಳೆದಷ್ಟೂ ವಾಪಸ್ ಹೋಗುವುದು ದುಬಾರಿಯಾಗುತ್ತಾ ಹೋಗುತ್ತದೆ. ಇದು ನಿಜ. ಇಷ್ಟನ್ನು ಒಪ್ಪಿಕೊಂಡೇ ಮುಂದಿನದು ಬರೆಯುತ್ತಿದ್ದೇನೆ.

ನನ್ನ ಹಾಗೆ ಬ್ಯಾಂಕಿನಲ್ಲಿ ಕೆಲಸ ಮಾಡಿದವರಿಗೆ ಊರು ಅಂದರೆ ಜನಸಂಖ್ಯೆ. ಹತ್ತು ಸಾವಿರದೊಳಗಿದ್ದರೆ ರೂರಲ್, ಒಂದು ಲಕ್ಷದ ತನಕ ಸೆಮಿ ಅರ್ಬನ್, ಹತ್ತು ಲಕ್ಷದ ತನಕ ಅರ್ಬನ್, ಅದರ ಮೇಲೆ ಮೆಟ್ರೊ. ರಿಸರ್ವ್ ಬ್ಯಾಂಕಿನ ಲೆಕ್ಕ ಅದು. ಯಾರಾದರೂ ಊರಿನ ಹೆಸರು ಹೇಳಿದರೆ ನನಗೆ ಇವತ್ತಿಗೂ ಮೊದಲು ಬರುವ ಯೋಚನೆ ಅದು ಯಾವ ಕ್ಲಾಸಿನದು ಅಂತಲೇ. 2011ರ ಜನಗಣತಿಯಲ್ಲಿ ನಮ್ಮ ಸಾಗರ ಐವತ್ತು ಸಾವಿರ ಚಿಲ್ಲರೆ, ಶಿವಮೊಗ್ಗ ಮೂರು ಲಕ್ಷ ಇಪ್ಪತ್ತು ಸಾವಿರ, ನಿಮ್ಮ ಬೆಂಗಳೂರು ಎಂಬತ್ತನಾಲ್ಕು ಲಕ್ಷ. ನೀನು ಹೆದರಿರುವುದು ಈ ಅಂಕಿ ನೋಡಿಯೇ ಇರಬೇಕು.

ಆದರೆ ಕೇಳು. ನಾನು ಓದುವ ಕಾಲದ ಮೈಸೂರು ಎಷ್ಟಿತ್ತು ಗೊತ್ತಾ? 1971ರಲ್ಲಿ ಮೂರೂವರೆ ಲಕ್ಷ. 2011ರ ಶಿವಮೊಗ್ಗಕ್ಕೂ ಅದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ನನಗೆ ಆ ಊರು ಎಷ್ಟು ದೊಡ್ಡದಾಗಿ ಕಾಣುತ್ತಿತ್ತು ಅಂದರೆ, ಅಲ್ಲಿಂದ ಆಚೆ ಎಲ್ಲಿಗಾದರೂ ಹೋಗಬೇಕು ಅಂತ ಅನ್ನಿಸಿದ್ದೇ ಇಲ್ಲ. 1916ರ ಯೂನಿವರ್ಸಿಟಿ ಇತ್ತು, ಆಹಾರ ಸಂಶೋಧನೆಯ ಸಿಎಫ್‌ಟಿಆರ್‌ಐ ಇತ್ತು, ಆಕಾಶವಾಣಿ ಇತ್ತು. ಮಹಾರಾಣಿ ಕಾಲೇಜಿಂದ ಹೊರಗೆ ಬಂದರೆ ಎದುರಿಗೆ ನಡೆದು ಬರುವ ಸಾಧಾರಣ ಪಂಚೆಯ ಮನುಷ್ಯ ಯಾವ ಶಾಸ್ತ್ರದ ದೊಡ್ಡ ಪಂಡಿತನೋ ಅಂತ ಗೊತ್ತಾಗುತ್ತಿರಲಿಲ್ಲ. ಅಂದರೆ ಮೂರು ಲಕ್ಷ ಅನ್ನುವುದರಲ್ಲಿ ಏನೂ ಇಲ್ಲ ಪುಟ್ಟೀ. ಆ ಮೂರು ಲಕ್ಷ ಜನ ಅಲ್ಲಿ ಏನು ಮಾಡುತ್ತಿದ್ದಾರೆ ಅನ್ನೋದು ಮುಖ್ಯ.

ಮದುವೆಯಾಗಿ ಸಾಗರಕ್ಕೆ ಬಂದಾಗ ನನಗೂ ನಿನ್ನ ಭಯವೇ ಇತ್ತು. ಹೊಟ್ಟೆಯಲ್ಲಿ ಕಲ್ಲು ಹಾಕಿದ ಹಾಗೆ. ಮಳೆ ಹಿಡಿದರೆ ಬಿಡುತ್ತಿರಲಿಲ್ಲ, ಬಟ್ಟೆ ಒಣಗುತ್ತಿರಲಿಲ್ಲ, ಕರೆಂಟು ಹೋದರೆ ಹೋಯ್ತು. ಬ್ಯಾಂಕಿನಲ್ಲಿ ಅಡಿಕೆ ಮಂಡಿಯವರು ನೋಟಿನ ಕಟ್ಟು ತಂದು ಕೌಂಟರ್ ಮೇಲೆ ಸುರಿಯುತ್ತಿದ್ದರು. ಆಗ ಕಟ್ಟುಗಳಿಗೆ ದಪ್ಪ ಪಿನ್ ಹೊಡೆದಿರುತ್ತಿತ್ತು. ಅದನ್ನು ಕಿತ್ತು ಎಣಿಸುವಷ್ಟರಲ್ಲಿ ಬೆರಳ ತುದಿಯೆಲ್ಲ ಗೀರು. ಮನೆಗೆ ಹೋಗಿ ಹುಳಿಗೆ ಹುಣಿಸೆಹಣ್ಣು ಕಿವುಚಿದರೆ ಚುರ್ ಅನ್ನುತ್ತಿತ್ತು. ಇನ್ನು ನನ್ನ ಜನ್ಮ ಪೂರ್ತಿ ಇಷ್ಟೇ ಅಂತ ಆಗ ಅನ್ನಿಸುತ್ತಿತ್ತು.

ಆಮೇಲೆ ಸಾಗರದ ಹತ್ತಿರದ ಹೆಗ್ಗೋಡು ಸಿಕ್ಕಿತು. ಅದು ಊರು ಅಂತ ಕರೆಯುವಷ್ಟೂ ಇಲ್ಲ, ನಾಲ್ಕು ಮನೆ, ಸುತ್ತ ತೋಟ. ಆದರೆ 1949ರಿಂದ ನೀನಾಸಂ ನಾಟಕ ಸಂಸ್ಥೆ ಅಲ್ಲೇ ಇದೆ. ಅದರ ಕೆ.ವಿ. ಸುಬ್ಬಣ್ಣನವರು ಅಡಿಕೆ ತೋಟ ನೋಡಿಕೊಳ್ಳುತ್ತಲೇ ಅಲ್ಲಿ ನಾಟಕ ಕಟ್ಟಿದರು, ಜಪಾನಿನ, ರಷ್ಯಾದ ಸಿನಿಮಾ ತರಿಸಿ ಹಳ್ಳಿಯವರಿಗೆ ತೋರಿಸಿದರು, 1980ರಲ್ಲಿ ರಂಗಶಿಕ್ಷಣ ಕೇಂದ್ರ ಶುರುಮಾಡಿದರು. 1991ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ ನಮ್ಮ ಬ್ಯಾಂಕಿನಲ್ಲಿ ಎಲ್ಲರಿಗೂ ನಮ್ಮ ಮನೆಗೇ ಬಂದಷ್ಟು ಖುಷಿ. ಬ್ಯಾಂಕಿನ ಲೆಕ್ಕದಲ್ಲಿ ಹೆಗ್ಗೋಡು ರೂರಲ್ಲಿಗೂ ಕೆಳಗೆ. ಸಾಯಂಕಾಲದ ಬಸ್ಸು ಹಿಡಿದು ನಾಟಕಕ್ಕೆ ಹೋದ ದಿನ ನಾನು ಯಾವ ಊರಿನವಳು ಅನ್ನುವುದೇ ನೆನಪಿರುತ್ತಿರಲಿಲ್ಲ.

ಇಷ್ಟು ಬರೆದಮೇಲೆ "ಸರಿ, ಮತ್ತೆ ನೀವು ಯಾಕೆ ಅಲ್ಲೇ ಉಳಿದಿರಿ" ಅಂತ ಕೇಳುತ್ತೀಯ. ಇದನ್ನು ನಿಮ್ಮಮ್ಮನಿಗೂ ಪೂರ್ತಿ ಹೇಳಿಲ್ಲ. ನನಗೆ ಆಫೀಸರ್ ಪ್ರಮೋಷನ್ ಬಂದಿತ್ತು. ತಗೊಂಡರೆ ಟ್ರಾನ್ಸ್‌ಫರ್ ಗ್ಯಾರಂಟಿ, ಅದೂ ಬೆಂಗಳೂರಿಗೆ ಅಂತ ಮಾತಿತ್ತು. ಅತ್ತೆ ಹಾಸಿಗೆ ಹಿಡಿದಿದ್ದರು, ಮಗನ ಎಸ್ಸೆಸ್ಸೆಲ್ಸಿ. ಬೇಡ ಅಂತ ಬರೆದುಕೊಟ್ಟೆ. ಅದು ಸರಿಯೋ ತಪ್ಪೋ ಅಂತ ನಾನು ಈಗಲೂ ತೀರ್ಮಾನ ಮಾಡಿಲ್ಲ, ಮಾಡೋಕೂ ಹೋಗಲ್ಲ. ನನಗೆ ನೋವಿರುವುದು ಅದರ ಆಮೇಲಿನ ವರ್ಷಗಳ ಬಗ್ಗೆ. ಹೆಗ್ಗೋಡಿಗೆ ಹೋಗುವುದು ನಿಂತಿತು. ಲೈಬ್ರರಿ ನಿಂತಿತು. ಮೈಸೂರಿನ ಗೆಳತಿಯರ ಕಾಗದಕ್ಕೆ ಉತ್ತರ ಬರೆಯುವುದು ನಿಂತಿತು. ಯಾರೂ ಬೇಡ ಅನ್ನಲಿಲ್ಲ ಪುಟ್ಟೀ, ಒಬ್ಬರೂ ಬೇಡ ಅನ್ನಲಿಲ್ಲ.

ಸಣ್ಣ ಊರು ನಿನ್ನನ್ನು ಬೈದು ಕಟ್ಟಿಹಾಕುವುದಿಲ್ಲ, ಮೆಚ್ಚಿಕೊಂಡು ಕಟ್ಟಿಹಾಕುತ್ತದೆ. "ನೀವಿಲ್ಲದಿದ್ದರೆ ಈ ಬ್ರಾಂಚ್ ನಡೆಯುತ್ತಾ ಮೇಡಂ" ಅಂತ ದಿನಾ ಯಾರಾದರೂ ಹೇಳುತ್ತಾರೆ. ಮನೆಗೆ ಬಂದರೆ ಸೊಸೆ ಅಂದರೆ ಹೀಗಿರಬೇಕು ಅಂತ ನೆಂಟರು ಹೇಳುತ್ತಾರೆ. ಕೇಳೋಕೆ ಹಿತವಾಗಿರುತ್ತದೆ. ಆ ಹಿತದಲ್ಲಿ ವರ್ಷ ಹೋಗುವುದು ಗೊತ್ತಾಗಲ್ಲ. ಹೆಂಗಸರಿಗೆ ಇದು ಇನ್ನೂ ಜಾಸ್ತಿ. ಬೆಂಗಳೂರಲ್ಲಿ ನೀನು ಯಾರ ಸೊಸೆ, ಯಾರ ಮಗಳು ಅಂತ ಯಾರೂ ಕೇಳುವುದಿಲ್ಲ, ಅದು ಸಣ್ಣ ಉಪಕಾರವಲ್ಲ. ನಿನ್ನ ಭಯದಲ್ಲಿ ಇದೂ ಸೇರಿದ್ದರೆ ಅದನ್ನು ನಿನ್ನ ಗಂಡನ ಹತ್ತಿರ ಬಾಯಿಬಿಟ್ಟು ಹೇಳು. ಬಂದಮೇಲಲ್ಲ, ಬರೋ ಮೊದಲೇ.

ಇನ್ನೊಂದು ವಿಷಯ. ನನ್ನ ಜೊತೆಯವಳು ಒಬ್ಬಳು ಆ ಪ್ರಮೋಷನ್ ತಗೊಂಡು ಬೆಂಗಳೂರಿಗೆ ಹೋದಳು. ಚೆನ್ನಾಗಿ ಮೇಲೆ ಬಂದಳು, ನನಗೆ ಅವಳ ಮೇಲೆ ಹೆಮ್ಮೆ ಇದೆ. ನಿವೃತ್ತಿಯಾದ ಮೇಲೆ ಊರಿಗೆ ಬರಬೇಕು ಅಂತ ವರ್ಷಗಟ್ಟಲೆ ಹೇಳಿದಳು. ಬರೋಕೆ ಆಗಲಿಲ್ಲ. ಫ್ಲ್ಯಾಟು ಅಲ್ಲಿ, ಡಾಕ್ಟರು ಅಲ್ಲಿ, ಮೊಮ್ಮಗುವಿನ ಸ್ಕೂಲು ಅಲ್ಲಿ. ಅವಳೂ ಉಳಿದುಬಿಟ್ಟವಳೇ. "ಬೆಂಗಳೂರಲ್ಲೇ ಉಳಿದುಬಿಡುತ್ತೇನೇನೋ" ಅಂತ ಭಯಪಟ್ಟು ಕಾಗದ ಬರೆದವರನ್ನು ಮಾತ್ರ ನಾನು ನೋಡಿಲ್ಲ. ಅದು ಯಾಕೆ ಹಾಗೆ ಅಂತ ನೀನೂ ಸ್ವಲ್ಪ ಯೋಚಿಸು.

ಬುದ್ಧಿ ಹೇಳೋಕೆ ನನಗೆ ಸಂಕೋಚ. ನಿಮ್ಮ ಕೆಲಸದ ರೀತಿಯೇ ನನಗೆ ಅರ್ಥವಾಗುವುದಿಲ್ಲ. ಆದರೂ ಒಂದೆರಡು.

ಒಂದೇ ಕೈ ಅನ್ನ ಹಾಕುವ ಊರಿಗೆ ಮಾತ್ರ ಹೋಗಬೇಡ, ಅದು ಎಷ್ಟೇ ದೊಡ್ಡದಿರಲಿ. ಕೆಜಿಎಫ್ ಸಣ್ಣ ಊರಾಗಿರಲಿಲ್ಲ. 2001ರಲ್ಲಿ ಚಿನ್ನದ ಗಣಿ ಮುಚ್ಚಿದ ಮೇಲೆ ಅಲ್ಲಿಯ ಜನ ಬೆಳಗಾಗುವ ಮೊದಲೇ ಎದ್ದು ಬೆಂಗಳೂರಿಗೆ ರೈಲು ಹತ್ತಬೇಕಾಯಿತು, ಈಗಲೂ ಹತ್ತುತ್ತಿದ್ದಾರೆ. ನಮ್ಮ ಪಕ್ಕದ ಭದ್ರಾವತಿಯನ್ನೇ ನೋಡು, ಕಬ್ಬಿಣದ ಕಾರ್ಖಾನೆ ಸೊರಗಿತು, ಕಾಗದದ ಕಾರ್ಖಾನೆ ನಿಂತೇ ಹೋಯಿತು, ಮಾರ್ಕೆಟ್ಟಿನಿಂದ ಹಿಡಿದು ಎಲ್ಲದಕ್ಕೂ ಹೊಡೆತ ಬಿತ್ತು. ಆ ದೃಷ್ಟಿಯಿಂದ ಶಿವಮೊಗ್ಗ ವಾಸಿ. ಅಡಿಕೆ ಇದೆ, ಆಸ್ಪತ್ರೆಗಳಿವೆ, ಕಾಲೇಜುಗಳಿವೆ, ಜಿಲ್ಲಾ ಕೇಂದ್ರ. ಆದರೆ ನಿನ್ನ ಅನ್ನ ಅಡಿಕೆಯಿಂದ ಬರುವುದಿಲ್ಲವಲ್ಲ. ಅದಕ್ಕೇ ನಿನ್ನ ಕಂಪನಿ ಮುಂದೆ ಯಾವತ್ತೋ ಆಫೀಸಿಗೇ ಬನ್ನಿ ಅಂದರೆ ಏನು ಮಾಡುತ್ತೀಯ ಅಂತ ಈಗಲೇ ಇಬ್ಬರೂ ಕೂತು ಮಾತಾಡಿ. ಸೈಟು ತಗೋಬೇಡಿ. ಮಾವ ಹೇಳುತ್ತಾರೆ, ಎಲ್ಲರೂ ಹೇಳುತ್ತಾರೆ, ರೇಟು ಏರುತ್ತಿದೆ ಅಂತ ಹೆದರಿಸುತ್ತಾರೆ. ಕಡೇಪಕ್ಷ ಎರಡು ಮಳೆಗಾಲ ಕಳೆಯುವ ತನಕ ಬಾಡಿಗೆಗೇ ಇರಿ. ಭೋಗ್ಯಕ್ಕೂ ದುಡ್ಡು ಕಟ್ಟಬೇಡಿ, ವಾಪಸ್ ಹೋಗಬೇಕು ಅಂದಾಗ ಆ ದುಡ್ಡು ಕೈಗೆ ಸಿಗೋದು ತಡವಾಗುತ್ತದೆ.

ತಿಂಗಳಿಗೊಂದು ಸಲ ಬೆಂಗಳೂರಿಗೆ ಹೋಗು. ಕೆಲಸ ಇರಲಿ ಇಲ್ಲದಿರಲಿ, ಹೋಗು. ನಿನ್ನ ಕೆಲಸದವರ ಜೊತೆ ಕೂತು ಕಾಫಿ ಕುಡಿದು ಬಾ. ನಮ್ಮ ಕಾಲದ ಹಾಗಲ್ಲ ಈಗ, ಜನಶತಾಬ್ದಿ ರೈಲು ಇದೆ, 2023ರಲ್ಲಿ ಶಿವಮೊಗ್ಗದ ಹತ್ತಿರ ಸೋಗಾನೆಯಲ್ಲಿ ಏರ್‌ಪೋರ್ಟೂ ಆಯಿತು. ಖರ್ಚು ದಂಡ ಅಂತ ಯಾರಾದರೂ ಅಂದರೆ ಕಿವಿಗೆ ಹಾಕಿಕೊಳ್ಳಬೇಡ. ನಾನು ಬಸ್ ಚಾರ್ಜು ಉಳಿಸಿದವಳು, ಅದರಿಂದ ಏನೂ ಉಳಿಯಲಿಲ್ಲ. ಇದನ್ನು ಮಾತ್ರ ನೀನು ಮರೆತರೆ ನನಗೆ ನಿಜವಾಗಿ ಬೇಜಾರಾಗುತ್ತದೆ.

ಮೈಸೂರೋ ಶಿವಮೊಗ್ಗವೋ ಅಂತಲೂ ಕೇಳಿದ್ದೀಯ. ನನ್ನನ್ನು ಕೇಳಿದರೆ ಮೈಸೂರು ಅಂತಲೇ ಬಾಯಿಗೆ ಬರುತ್ತದೆ, ಅದು ನನ್ನ ಊರಿನ ಆಸೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡ. ಬೆಂಗಳೂರಿಗೆ ಹತ್ತಿರ ಅನ್ನೋದು ಮಾತ್ರ ನಿಜ. ನಿಮ್ಮಪ್ಪ ಅಮ್ಮನಿಗೆ ದೂರ ಅನ್ನೋದೂ ನಿಜ.

ತೀರ್ಮಾನ ಮಾಡುವ ಮೊದಲು ಜುಲೈನಲ್ಲಿ ಒಂದು ವಾರ ಬಾ. ದಸರಾ ರಜೆಯಲ್ಲಿ ಬೇಡ, ಆಗ ಎಲ್ಲ ಊರೂ ಚೆಂದ. ಜೋರು ಮಳೆಯಲ್ಲಿ, ಸೋಮವಾರದಿಂದ ಶುಕ್ರವಾರ, ಲ್ಯಾಪ್‌ಟಾಪ್ ತಂದು ಕೆಲಸ ಮಾಡುತ್ತಾ ಇದ್ದು ನೋಡು. ನೆಂಟರ ಮನೆಯಲ್ಲಿ ಇಳಿಯಬೇಡ, ಉಪಚಾರದಲ್ಲಿ ಏನೂ ಗೊತ್ತಾಗಲ್ಲ. ಶಿವಮೊಗ್ಗದ ವಿನೋಬನಗರದ ಕಡೆ ಒಂದು ರೂಮು ನೋಡಿಡುತ್ತೇನೆ. ಸಾಗರದಿಂದ 70 ಕಿ.ಮೀ. ಅಷ್ಟೇ, ನೀನು ಹೂಂ ಅಂದರೆ ನಾನೂ ಬಂದು ಜೊತೆಗಿರುತ್ತೇನೆ, ಬೇಡ ಅಂದರೆ ಬೇಡ. ಕರೆಂಟು ಹೋದರೂ ಇಂಟರ್ನೆಟ್ ಇರಬೇಕು ಅಂತ ಮನೆಯವರಿಗೆ ಮೊದಲೇ ಹೇಳುತ್ತೇನೆ. ಅದಕ್ಕೆ ಏನು ಕೇಳಬೇಕು ಅಂತ ನನಗೆ ಗೊತ್ತಿಲ್ಲ, ಒಂದು ಚೀಟಿಯಲ್ಲಿ ಬರೆದ ಹಾಗೆ ಬರೆದು ಕಳಿಸು. ದಿನಾಂಕವನ್ನೂ ಬೇಗ ತಿಳಿಸು.

ನಿನ್ನ ದೊಡ್ಡಮ್ಮ