ಕ್ಯೂಸೆಕ್ ಗೊತ್ತಾಯಿತು, ಎಷ್ಟನೇ ಮೆಟ್ಟಿಲು?

ಮಾನ್ಯರೇ,

ಹರಿಹರದ ಗಂಗಾನಗರದಲ್ಲಿ, ತುಂಗಭದ್ರಾ ಹೊಳೆಯ ದಂಡೆಗೆ ನಮ್ಮ ಮನೆ. ನಾನು ಟೈಲರ್. ಹೊಳೆ ಮನೆಯೊಳಗೆ ಬಂದಾಗಲೆಲ್ಲ ಅವ್ವ ಗೋಡೆಗೆ ಒಂದು ಗೆರೆ ಎಳೆದಿಡುತ್ತಿದ್ದಳು. 2019ರ ಆಗಸ್ಟಿನ ಗೆರೆ ನನ್ನ ಹೊಲಿಗೆ ಯಂತ್ರದ ಪೆಡಲ್‌ಗಿಂತ ನಾಲ್ಕು ಇಂಚು ಮೇಲಿದೆ. ಟೇಪು ಹಿಡಿದೇ ಹೇಳುತ್ತಿದ್ದೇನೆ. ಸುಣ್ಣ ಹೊಡೆಸುವಾಗ ಆ ಗೆರೆಗಳನ್ನು ಬಿಟ್ಟು ಹೊಡೆಸುತ್ತೇವೆ. ಬಂದ ನೆಂಟರು ನಗುತ್ತಾರೆ.

ಮೇಲೆ ತುಂಗಾ ನದಿಗೆ ಕಟ್ಟಿದ ಗಾಜನೂರಿನದು ಸಣ್ಣ ಡ್ಯಾಮ್, 3.24 ಟಿಎಂಸಿ. ಶೃಂಗೇರಿ, ಆಗುಂಬೆ ಕಡೆ ಮಳೆ ಹೊಡೆದರೆ ಬಂದ ನೀರನ್ನು ಬಿಡಲೇಬೇಕು. ಅದರ ಜೊತೆ ಭದ್ರಾ ನೀರೂ ಸೇರಿದರೆ ಮುಗೀತು. ಆಗ ಟಿವಿಯಲ್ಲಿ 'ಇಷ್ಟು ಸಾವಿರ ಕ್ಯೂಸೆಕ್' ಅಂತ ಶುರುವಾಗುತ್ತದೆ. ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ 28 ಲೀಟರ್ ಚಿಲ್ಲರೆ. ಸರಿ. ನನ್ನ ಮನೆಯ ಎಷ್ಟನೇ ಮೆಟ್ಟಿಲಿಗೆ ಬರುತ್ತದೆ? ಅಕ್ಕಿ ಮೂಟೆ ಮಂಚಕ್ಕೆ ಏರಿಸಬೇಕಾ, ಬೇಡವಾ? ಅದನ್ನು ಯಾರೂ ಹೇಳಲ್ಲ.

ಮಗಳು ದಾವಣಗೆರೆಯಲ್ಲಿ ಸಿವಿಲ್ ಇಂಜಿನಿಯರಿಂಗ್ ಓದುತ್ತಿದ್ದಾಳೆ. ಅವರ ಪ್ರೊಫೆಸರೊಬ್ಬರ ಸಂಶೋಧನೆಯೇ ನದಿ, ಹೂಳು, ಪ್ರವಾಹದ ಮೇಲೆ. ಅವರು ಹೇಳಿದ್ದನ್ನು ಮಗಳು ಊಟಕ್ಕೆ ಕೂತಾಗ ಹೇಳಿದಳು. ಹೊಳೆಯ ತಳ ಇದ್ದ ಹಾಗೇ ಇರಲ್ಲವಂತೆ. ಮರಳು ತೆಗೆದಲ್ಲಿ ಗುಂಡಿ, ಹೂಳು ಕೂತಲ್ಲಿ ದಿಬ್ಬ. ಹಾಗಾಗಿ ಅಷ್ಟೇ ಕ್ಯೂಸೆಕ್ ಬಿಟ್ಟರೂ ನೀರು ಹಿಂದಿನ ಮಟ್ಟಕ್ಕೇ ನಿಲ್ಲುತ್ತದೆ ಅನ್ನುವ ಹಾಗಿಲ್ಲ. ನನಗೆ ಥಟ್ಟನೆ ಅರ್ಥವಾಯಿತು. ಹುಡುಗನ ಮೂರು ವರ್ಷದ ಹಿಂದಿನ ಅಳತೆಗೆ ಪ್ಯಾಂಟ್ ಹೊಲಿದುಕೊಟ್ಟರೆ ಗಿರಾಕಿ ಸುಮ್ನೆ ಬಿಡ್ತಾರಾ?

ನಮ್ಮ ಮುಂದೆ ಹಾದುಹೋದ ಆ ಮಣ್ಣು ಹೊಸಪೇಟೆಯ ತುಂಗಭದ್ರಾ ಡ್ಯಾಮಿನಲ್ಲಿ ಕೂರುತ್ತದೆ. ಮೊದಲು 133 ಟಿಎಂಸಿ ಹಿಡಿಯುತ್ತಿದ್ದದ್ದು ಈಗ ಸುಮಾರು 105. ಅತ್ತ ನಮ್ಮ ಹೊಳೆ ಕೂಡುವ ಕೃಷ್ಣಾ ನದಿ ಸಮುದ್ರ ಸೇರುವ ಮುಖಜ ಭೂಮಿಗೆ ಮಣ್ಣು ಸಾಲದೆ ಕಡಲು ದಂಡೆ ಕೊರೆಯುತ್ತಿದೆಯಂತೆ. ಅಷ್ಟು ದೂರದ ಮಾತು ನನಗೆ ಬೇಡ ಬಿಡಿ.

ನಾನು ಕೇಳುವುದು ಇಷ್ಟೇ. ಹೊಳೆದಂಡೆಯ ಕರೆಂಟ್ ಕಂಬಗಳ ಮೇಲೆ ಬಣ್ಣದಲ್ಲಿ ಅಡಿ, ಇಂಚು ಬರೆಸಿ. ಪ್ರತಿ ಬೇಸಿಗೆ ಕಾಲೇಜು ಹುಡುಗರಿಂದ ಹೊಳೆಯ ತಳ ಅಳೆಸಿ. ಆಮೇಲೆ ಆಟೋದ ಮೈಕಿನಲ್ಲಿ 'ರಾತ್ರಿ ಹತ್ತಕ್ಕೆ ಕಂಬದ ಎರಡನೇ ಗೆರೆ' ಅಂತ ಕೂಗಿಸಿ. ಹೊನ್ನಾಳಿಯ ಬಾಲರಾಜ್ ಘಾಟ್‌ಗೂ, ಉಕ್ಕಡಗಾತ್ರಿ ರಸ್ತೆಗೂ ಇದು ಬೇಕು.

ಅವ್ವನ ಗೆರೆಗಳನ್ನು ಬರೆದುಕೊಳ್ಳಲು ಯಾರಾದರೂ ಬಂದರೆ ಚಹಾ ನನ್ನದು. ದೀಪಾವಳಿಯ ಒಳಗೆ ಬನ್ನಿ. ಈ ಸಲ ಪೂರ್ತಿ ಗೋಡೆಗೆ ಪೇಂಟ್ ಆಗಲೇಬೇಕು ಅಂತ ಮಗಳು ಹಟ ಹಿಡಿದಿದ್ದಾಳೆ.

— ಹೊಳೆದಂಡೆಯ ಒಬ್ಬ ಟೈಲರ್, ಹರಿಹರ