ಮಂಗನ ಕಾಯಿಲೆ: ಸಭೆ ಸಾವಿಗೆ ಮೊದಲೇ ನಡೆಯಲಿ

ಮಾನ್ಯ ಸಂಪಾದಕರೇ,

ಮಳೆ ಹಿಂದಾಗುತ್ತಿದೆ. ಇನ್ನೆರಡು ತಿಂಗಳಿಗೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಮತ್ತೆ ಮಂಗನ ಕಾಯಿಲೆಯದೇ ಮಾತು. ಒಂದು ಸಾವಾದ ಮೇಲೆ ಸಭೆ, ಸಭೆಯಾದ ಮೇಲೆ ಕರಪತ್ರ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ, ಉಣುಗು ಕಚ್ಚಿ ಹರಡುವ ಈ ರೋಗದ ಬಗ್ಗೆ ಸಂಶೋಧನೆಗೇನೂ ಬರವಿಲ್ಲ. ಅದು ಊರಿಗೆ ಇಳಿದು ಬರುತ್ತಿಲ್ಲ, ಅಷ್ಟೆ.

ಮಂಗ ಸತ್ತರೆ ಅರಣ್ಯ ಇಲಾಖೆಗೆ ಹೇಳಬೇಕು, ಶವಪರೀಕ್ಷೆಗೆ ಪಶುವೈದ್ಯರು ಬರಬೇಕು, ಮನುಷ್ಯರಿಗೆ ಜ್ವರ ಬಂದರೆ ಆರೋಗ್ಯ ಇಲಾಖೆ. ಇವರನ್ನೆಲ್ಲ ಒಟ್ಟಿಗೆ ಕೂರಿಸಿದ್ದು ಭಾರತ ಮತ್ತು ಬ್ರಿಟನ್ನಿನ ಸಂಶೋಧಕರ ಒಂದು ತಂಡ. ಪರಿಸರದ ಸಂಶೋಧನೆ ಮಾಡುವ ಏಟ್ರೀ, ಜಾನುವಾರು ರೋಗಗಳ ಸಂಶೋಧನೆ ಮಾಡುವ ನಿವೇದಿ ಎಂಬ ಬೆಂಗಳೂರಿನ ಸಂಸ್ಥೆಗಳೂ ಅದರಲ್ಲಿದ್ದವು. ಏನೇನು ಲೆಕ್ಕಕ್ಕೆ ಹಿಡಿಯಬೇಕೆಂದು ಇಲಾಖೆಯವರನ್ನೇ ಕೇಳಿ ಅಪಾಯದ ನಕ್ಷೆ ಬರೆದರು. 2020ರಲ್ಲಿ ಅದು ಪ್ರಕಟವಾಯಿತು. ನಿತ್ಯಹಸಿರು ಕಾಡೂ ತೋಟವೂ ಹೆಣೆದುಕೊಂಡಿರುವ, ನಾಡದನಗಳು ಹೆಚ್ಚಿರುವ ಕಡೆ ಅಪಾಯ ಜಾಸ್ತಿ ಎಂಬುದು ಅದರ ಸಾರ. ಅಂದರೆ ನಮ್ಮ ಮನೆಯ ಹಿತ್ತಿಲೇ! ಹಾಗೆಂದು ದನ ಮಾರಿಬಿಡಿ ಎನ್ನಲಾದೀತೇ? ಕೊಟ್ಟಿಗೆಯ ಉಣುಗಿಗೆ ಏನು ಮಾಡಬೇಕೆಂದು ಹೇಳಬೇಕಾದವರು ಪಶುಸಂಗೋಪನೆಯವರು. ಅವರಿಲ್ಲದ ಸಭೆ ನಡೆಸಿ ಪ್ರಯೋಜನವಿಲ್ಲ.

ಹಳೆಯ ಲಸಿಕೆಯದೂ ಇಂಥದೇ ಕಥೆ. ಆರೋಗ್ಯ ಇಲಾಖೆಯವರೇ ಸಂಶೋಧಕರ ಜೊತೆ ಕೂತು 2005ರಿಂದ 2010ರವರೆಗಿನ ಪ್ರಕರಣಗಳನ್ನು ಜಾಲಾಡಿದಾಗ, ಎರಡು ಡೋಸ್ ಪಡೆದವರಿಗೆ ಸಿಕ್ಕ ರಕ್ಷಣೆ ಸುಮಾರು ಶೇ 62 ಎಂದು ಕಂಡಿತು. ಬೂಸ್ಟರ್ ಸೇರಿದರೆ ಶೇ 83, ಆದರೆ ಹಾಕಿಸಿಕೊಂಡವರೇ ಕಡಿಮೆ. ಇದು ಅಚ್ಚಾದದ್ದು 2013ರಲ್ಲಿ. ಲಸಿಕೆಯನ್ನು ಕೈಬಿಟ್ಟದ್ದು 2022ರಲ್ಲಿ. ಐಸಿಎಂಆರ್ ಹೊಸ ಲಸಿಕೆಯ ಕೆಲಸದಲ್ಲಿದೆ. ಅದು ಬರುವವರೆಗೆ ನಮಗಿರುವುದು ಉಣುಗು ಹತ್ತದಂತೆ ಮೈಗೆ ಹಚ್ಚಿಕೊಳ್ಳುವ ಡೇಪಾ ಎಣ್ಣೆ.

ಈ ಎಣ್ಣೆಯ ಬಾಟಲಿ ನಮ್ಮೂರಿನ ಅನೇಕ ಮನೆಗಳ ಕಿಟಕಿಯಲ್ಲಿ ಧೂಳು ಹಿಡಿದು ಕೂತಿದೆ. ಯಾಕೆಂದು ಕಾಡಿನ ದರಗು (ಒಣ ಎಲೆ) ಗುಡಿಸಿ ಕೊಟ್ಟಿಗೆಗೆ ಹೊರುವ ಹೆಂಗಸರನ್ನು ಕೇಳಿ. ಮೈ ಜಿಗುಟು, ಬೆವರಿಗೆ ಉರಿ, ಬಿಸಿಲೇರುವಷ್ಟರಲ್ಲಿ ಹಚ್ಚಿದ್ದೆಲ್ಲ ಇಳಿದುಹೋಗಿರುತ್ತದೆ. ಮೇಲಾಗಿ ಒಂದು ವರ್ಷ ಬಾಟಲಿ ಕೈಸೇರುವಾಗ ದರಗಿನ ಕೆಲಸವೇ ಮುಗಿದಿತ್ತು. ಇದೂ ಪುರಾವೆಯೇ. ಪ್ರಯೋಗಾಲಯದಲ್ಲಿ ಸಿಗುವುದಿಲ್ಲ, ಆಶಾ ಕಾರ್ಯಕರ್ತೆಯರನ್ನು ಕೇಳಿದರೆ ಅರ್ಧ ಗಂಟೆಯಲ್ಲಿ ಸಿಗುತ್ತದೆ. ಆದರೆ ಅವರನ್ನು ಸಭೆಗೆ ಕರೆಯುವುದು ಹೇಳಿದ್ದನ್ನು ಕೇಳಿಸಿಕೊಂಡು ಹೋಗಲಿಕ್ಕೆ.

ಜಿಲ್ಲಾಡಳಿತದಲ್ಲಿ ನನ್ನ ಕೋರಿಕೆ ಇಷ್ಟೇ: ಮೂರೂ ಇಲಾಖೆ, ಸಂಶೋಧಕರು, ಪಿಡಿಒಗಳು, ಆಶಾ ಕಾರ್ಯಕರ್ತೆಯರು, ಕಾಡಿಗೆ ಹೋಗುವ ಕೂಲಿಯವರು ದೀಪಾವಳಿಯೊಳಗೆ ಒಮ್ಮೆ ಕೂರಲಿ. ಅಪಾಯದ ನಕ್ಷೆಯನ್ನು ಆಯಾ ಪಂಚಾಯಿತಿಯ ಗೋಡೆಗೆ ಹಾಕಲಿ. ಎಣ್ಣೆ ನವೆಂಬರಿನಲ್ಲೇ ಬರಲಿ. ತೋಟದ ಲೈನ್ ಮನೆಗಳಲ್ಲಿರುವ ಅಸ್ಸಾಂ ಕಾರ್ಮಿಕರಿಗೆ ಕನ್ನಡದ ಕರಪತ್ರ ಹಂಚುವುದನ್ನು ಈ ವರ್ಷವಾದರೂ ಬಿಟ್ಟು, ಅವರ ಭಾಷೆಯಲ್ಲಿ ಅಚ್ಚು ಹಾಕಿಸಲಿ.

— ಒಬ್ಬ ಸಣ್ಣ ಬೆಳೆಗಾರ, ಕೊಪ್ಪ ತಾಲ್ಲೂಕು, ಚಿಕ್ಕಮಗಳೂರು ಜಿಲ್ಲೆ