ವೈನಿ ಮಾತಾಡುತ್ತಲೇ ಇದ್ದರು

ಸೋಮವಾರದಿಂದ ಮತ್ತೆ ಪಾಠ ಮಾಡಲು ಶಾಲೆಗೆ ಹೋಗುತ್ತಿದ್ದೇನೆ. ಅದಕ್ಕೂ ಮೊದಲು ಇದನ್ನು ಬರೆಯಲೇಬೇಕು. ನನಗೆ ಕಟ್ಟುಹಾವು ಕಚ್ಚಿದ್ದು, ಶಹಾಪುರದಿಂದ ಕಲಬುರಗಿಯ ಆಸ್ಪತ್ರೆಗೆ ಒಯ್ದದ್ದು ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತೇ ಇದೆ. ಮತ್ತೆ ಹೇಳುವುದಿಲ್ಲ.

ಆದರೆ ವೆಂಟಿಲೇಟರ್ ಹಾಕಿ ಮಲಗಿಸಿದ್ದಾಗ ನನಗೆ ಎಲ್ಲ ಕೇಳಿಸುತ್ತಿತ್ತು ಅನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ. ಕಟ್ಟುಹಾವಿನ ವಿಷ ನರದ ತುದಿಯನ್ನು ಕೆಡಿಸುತ್ತದೆ. ರೆಪ್ಪೆ ಏಳುವುದಿಲ್ಲ, ನಾಲಿಗೆ ಹೊರಳುವುದಿಲ್ಲ, ಉಸಿರು ನಿಲ್ಲುತ್ತದೆ. ಟಾರ್ಚ್ ಬಿಟ್ಟರೂ ಕಣ್ಣಿನ ಪಾಪೆ ಕದಲದೆ ಇರಬಹುದಂತೆ. ನೋಡಿದವರಿಗೆ ಜೀವ ಹೋದಂತೆಯೇ ಕಾಣುತ್ತದೆ. ಒಳಗೆ ಮಾತ್ರ ಪೂರ್ತಿ ಎಚ್ಚರ.

ಆ ರಾತ್ರಿ ಹಾಸಿಗೆ ಪಕ್ಕ ಯಾರೋ, ‘ಇನ್ನೇನ್ ಉಳದಿಲ್ಲ, ಊರಿಗಿ ಒಯ್ಯಮು’ ಅಂದರು. ಕೇಳಿಸಿತು. ಕಿರುಚಬೇಕು ಅನಿಸಿತು. ಆಗಲಿಲ್ಲ. ಇದನ್ನು ಬರೆಯುವಾಗ ಈಗಲೂ ಕೈ ನಡುಗುತ್ತಿದೆ.

‘ಆಕಿಗಿ ಎಲ್ಲಾ ಕೇಳಸ್ತದ. ಎಲ್ಲಿಗೂ ಒಯ್ಯಂಗಿಲ್ಲ’ ಅಂದವರು ನಮ್ಮ ವೈನಿ, ಅಂದರೆ ಅತ್ತಿಗೆ.

ನರ್ಸಮ್ಮನನ್ನು ಬೇಡಿಕೊಂಡು ಪಕ್ಕದಲ್ಲೇ ಉಳಿದರು. ಬೆಳಗಿನ ತನಕ ಮಾತಾಡಿದರು. ಹೆಸರುಕಾಳು ರಾಶಿ ಮಾಡುವಾಗ ಮಳೆ ಬಂದದ್ದು, ಕರು ಹಗ್ಗ ಹರಿದುಕೊಂಡು ಯಾರದೋ ಹೊಲ ಹೊಕ್ಕಿದ್ದು, ನನ್ನ ಮಗ ರೊಟ್ಟಿಗೆ ಬೆಲ್ಲವೇ ಬೇಕೆಂದು ಹಟ ಹಿಡಿದದ್ದು. ಗಂಟಲಿನ ಪೈಪಿನಿಂದ ಕಫ ತೆಗೆಯುವ ಹೊತ್ತಿಗೆ, ‘ಈಗ ತ್ರಾಸಾಗ್ತದ ತಂಗಿ, ಲಗೂ ಮುಗೀತದ’ ಎಂದು ಮೊದಲೇ ಹೇಳುತ್ತಿದ್ದರು. ಹಾಗೆ ಹೇಳಿದ್ದಕ್ಕೇ ತಡೆದುಕೊಂಡೆ. ನನ್ನ ಕಾಲಿನ ಹೆಬ್ಬೆರಳು ಒಂಚೂರು ಅಲ್ಲಾಡುತ್ತದೆ ಎಂದು ಮೊದಲು ನೋಡಿದ್ದೂ ಅವರೇ. ಓಡಿಹೋಗಿ ಡಾಕ್ಟರನ್ನು ಕರೆತಂದರು. ಆಮೇಲೆ ಹೌದು ಅನ್ನುವುದಕ್ಕೆ ಆ ಬೆರಳೇ ನನ್ನ ಬಾಯಿ.

ಇಂಜೆಕ್ಷನ್ ಮೈಯಲ್ಲಿ ಓಡಾಡುವ ವಿಷವನ್ನು ಹಿಡಿಯುತ್ತದೆ, ಕೆಟ್ಟುಹೋದ ನರದ ತುದಿ ತಾನಾಗಿಯೇ ಮತ್ತೆ ಬೆಳೆಯಬೇಕು, ಅಲ್ಲಿ ತನಕ ಉಸಿರು ನಿಲ್ಲದಂತೆ ಕಾಯಬೇಕು ಅಂತ ಡಾಕ್ಟರು ಹೇಳಿದರು. ಕಾಯುವುದು ಬಹಳ ಕಷ್ಟ. ವೈನಿ ಕಾಯ್ದರು.

ಜೇವರ್ಗಿ ದಾಟಿ ಕಲಬುರಗಿ ಮುಟ್ಟುವವರೆಗೂ ಉಸಿರು ಕೊಡುವ ಆಂಬ್ಯು ಬ್ಯಾಗ್ ಅನ್ನು ಕೈಯಿಂದ ಒತ್ತುತ್ತಲೇ ಇದ್ದ 108ರ ಅಣ್ಣ, ಐಸಿಯು ಡಾಕ್ಟರು, ನರ್ಸಮ್ಮಂದಿರು, ಹಾಸಿಗೆ ಬದಲಿಸಿದ ಅಕ್ಕಂದಿರು, ನನ್ನ ತರಗತಿ ನೋಡಿಕೊಂಡ ಟೀಚರುಗಳು, ದುಡ್ಡು ಹೊಂದಿಸಿದ ಅಣ್ಣ, ಎಲ್ಲರಿಗೂ ಶರಣು.

2024ರಿಂದ ನಮ್ಮ ರಾಜ್ಯದಲ್ಲಿ ಹಾವು ಕಡಿತವನ್ನು ಆಸ್ಪತ್ರೆಯವರು ಸರ್ಕಾರಕ್ಕೆ ತಿಳಿಸಲೇಬೇಕು. ಡಿಸ್ಚಾರ್ಜ್ ದಿನ ಡಾಕ್ಟರು, ‘ಆ ವರದಿಯಲ್ಲಿ ಇವರು ಗುಣವಾಗಿದ್ದಾರೆ ಅಂತ ಬರೆದಿದ್ದೇನೆ’ ಅಂದರು. ಅಷ್ಟು ದಿನ ಗಟ್ಟಿಯಾಗಿದ್ದ ವೈನಿ ಅಲ್ಲೇ ಕುಸಿದು ಕೂತು ಅತ್ತುಬಿಟ್ಟರು. ನಾನೂ ಅತ್ತೆ.

ನಿಮ್ಮವರು ಯಾರಾದರೂ ಹೀಗೆ ಮಲಗಿದ್ದರೆ ಹತ್ತಿರ ಹೋಗಿ ಮಾತಾಡಿಸಿ. ಏನು ಹೇಳಬೇಕೋ ತೋಚದಿದ್ದರೆ ಮನೆಯ ಸುದ್ದಿ ಹೇಳಿ, ಸಾಕು.

ಈಗ ನಮ್ಮ ಮನೆಯಲ್ಲಿ ನೆಲದ ಮೇಲೆ ಯಾರೂ ಮಲಗುವುದಿಲ್ಲ. ಮಂಚಕ್ಕೆ ಸೊಳ್ಳೆಪರದೆ ಕಟ್ಟಿ, ಅಂಚನ್ನು ಹಾಸಿಗೆ ಕೆಳಗೆ ಸಿಕ್ಕಿಸಿಯೇ ಮಲಗಬೇಕು. ದಿನಾ ರಾತ್ರಿ ವೈನಿ ಎಲ್ಲರ ಪರದೆ ನೋಡಿಯೇ ಲೈಟ್ ಆರಿಸುತ್ತಾರೆ.